ಇಪ್ಪತ್ತೊಂದನೇ ಶಿಫ್ಟ್ ಯಾರದು? ರಿಲೀವರ್‌ಗಳ ಡ್ಯೂಟಿ, ಓಟಿ, ರಜೆಯ ಲೆಕ್ಕ

ಒಂದು ಕಂಟ್ರೋಲ್ ರೂಮ್ ಇದೆ ಅಂದುಕೊಳ್ಳಿ. ಅದರಲ್ಲಿ ಒಂದೇ ಕುರ್ಚಿ. ಆ ಕುರ್ಚಿ ಯಾವ ಹೊತ್ತಿನಲ್ಲೂ ಖಾಲಿ ಇರುವಂತಿಲ್ಲ. ಅದು ಬಾಯ್ಲರ್ ನೋಡಿಕೊಳ್ಳುವ ಕುರ್ಚಿ ಇರಬಹುದು, ನೀರಿನ ಪಂಪ್‌ಹೌಸಿನದಿರಬಹುದು, ಆಸ್ಪತ್ರೆ ವಾರ್ಡಿನದಿರಬಹುದು. ಲೆಕ್ಕ ಎಲ್ಲ ಕಡೆ ಒಂದೇ. ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ 21 ಶಿಫ್ಟ್, ಒಟ್ಟು 168 ಗಂಟೆ.

ಈಗ ಆ ಕುರ್ಚಿಗೆ ಜನರನ್ನು ಹಾಕಿ ನೋಡೋಣ. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಒಬ್ಬರು. ತಲಾ ವಾರಕ್ಕೆ ಐದು ದಿನ ಬಂದರೆ 15 ಶಿಫ್ಟ್ ಮುಗಿಯಿತು. ಇನ್ನು ಆರು ಉಳಿದವು. ಆ ಆರು ಶಿಫ್ಟ್‌ಗಳಿಗೆ ಬರುವವರೇ ರಿಲೀವರ್. ಅವರೂ ಮನುಷ್ಯರೇ, ಅವರಿಗೂ ಐದೇ ದಿನ. ಅಲ್ಲಿಗೆ 20 ಆಯಿತು. ಒಂದು ಶಿಫ್ಟ್ ಮಾತ್ರ ಯಾರ ಪಾಲಿಗೂ ಸೇರದೆ ಉಳಿಯುತ್ತದೆ. ಈ ಇಪ್ಪತ್ತೊಂದನೇ ಶಿಫ್ಟಿನ ಸುತ್ತ ಯೂನಿಯನ್ನಿಗೂ ಮ್ಯಾನೇಜ್‌ಮೆಂಟಿಗೂ ಎಷ್ಟು ಹೊತ್ತು ಬೇಕಾದರೂ ಚೌಕಾಸಿ ನಡೆಯಬಹುದು. ಯಾಕೆಂದರೆ ಅದನ್ನು ಯಾರು ಮಾಡಿದರೂ ಅದು ಹೆಚ್ಚಿನ ಕೆಲಸ. 168ನ್ನು ನಾಲ್ಕು ಜನಕ್ಕೆ ಹಂಚಿದರೆ ತಲಾ 42 ಗಂಟೆ ಬರುತ್ತದೆ, 40 ಅಲ್ಲ.

ವಾರಕ್ಕೆ ಆರು ದಿನದ ಕೆಲಸ ಇರುವ ಕಡೆ ಲೆಕ್ಕ ಇನ್ನೊಂದು ತರಹ. ಮೂವರು ಖಾಯಂ ಜನ 18 ಶಿಫ್ಟ್ ಮುಗಿಸುತ್ತಾರೆ, ಉಳಿಯುವುದು ಮೂರು. ಹಾಗಾಗಿ ಎರಡು ಕುರ್ಚಿಗೆ ಒಬ್ಬ ರಿಲೀವರ್ ಸಾಕು. ಬೇರೆ ರೀತಿ ಹೇಳಿದರೆ, ಆರು ಜನರ ವಾರದ ರಜೆ ತುಂಬಲು ಒಬ್ಬರು. ಭಾರತದ ಸೆಕ್ಯುರಿಟಿ ಗಾರ್ಡ್ ಗುತ್ತಿಗೆಗಳ ದರಪಟ್ಟಿಯಲ್ಲಿ 'ರಿಲೀವರ್ ಚಾರ್ಜ್' ಅಂತ ಆರನೇ ಒಂದು ಭಾಗ, ಅಂದರೆ ಶೇ. 16.67, ಸೇರಿಸುವ ರೂಢಿ ಬಂದದ್ದು ಇದೇ ಲೆಕ್ಕದಿಂದ.

ಇದೆಲ್ಲ ಬರೀ ವಾರದ ರಜೆಯ ಲೆಕ್ಕ. ಗಳಿಕೆ ರಜೆ, ಕಾಯಿಲೆ, ಹೆರಿಗೆ, ತರಬೇತಿ ಯಾವುದೂ ಇದರಲ್ಲಿ ಇಲ್ಲ. ವರ್ಷಕ್ಕೆ ತಲಾ 20 ದಿನ ರಜೆ ಅಂದರೂ ನಾಲ್ಕು ಜನರಿಂದ 80 ಶಿಫ್ಟ್ ಖಾಲಿ ಬೀಳುತ್ತವೆ. ಆದ್ದರಿಂದ ರಿಲೀವರ್ ಅಂದರೆ 'ಎಕ್ಸ್‌ಟ್ರಾ ಜನ' ಅನ್ನುವ ಮಾತೇ ತಪ್ಪು. ಅವರಿಲ್ಲದೆ ಉಳಿದವರಿಗೆ ರಜೆಯೇ ಇಲ್ಲ.

ದಿನ ಇನ್ನೊಬ್ಬರದು, ವಾರ ತನ್ನದು

ರಿಲೀವರ್ ಕುರಿತ ನಿಯಮಗಳು ಓದುವುದಕ್ಕೆ ಗೋಜಲಾಗಿರುತ್ತವೆ. ಆದರೆ ಒಂದು ಸಣ್ಣ ಕೀಲಿ ಸಿಕ್ಕರೆ ಹೆಚ್ಚಿನವು ಬಿಚ್ಚಿಕೊಳ್ಳುತ್ತವೆ. ಡ್ಯೂಟಿಯ ದಿನ ರಿಲೀವರ್ ಹಾಕಿಕೊಳ್ಳುವುದು ಇನ್ನೊಬ್ಬರ ಅಂಗಿ: ಅವರ ಸಮಯ, ಅವರ ಕೆಲಸ, ಅವರ ಜಾಗ. ಆದರೆ ವಾರದ ಗಂಟೆ, ವಿಶ್ರಾಂತಿ, ಸೀನಿಯಾರಿಟಿ, ಕನಿಷ್ಠ ಸಂಬಳ ಮಾತ್ರ ಅವರ ಸ್ವಂತದ್ದು. ಜಗಳ ಬರುವುದು ಇವೆರಡರ ಗಡಿಯಲ್ಲಿ.

ಇದನ್ನು ತುಂಬಾ ಸ್ಪಷ್ಟವಾಗಿ ಬರೆದಿಟ್ಟ ಒಪ್ಪಂದ ಅಮೆರಿಕದ ರೈಲ್ವೆಯದು. ಅಲ್ಲಿ ರೈಲು ಓಡಿಸುವವರನ್ನು ಬಿಟ್ಟು ಉಳಿದ ಸಿಬ್ಬಂದಿಗೆ 1949ರ ಸೆಪ್ಟೆಂಬರ್ 1ರಿಂದ 40 ಗಂಟೆಯ ವಾರ ಬಂತು. ಅಲ್ಲಿಯವರೆಗೆ 48 ಗಂಟೆ ಇತ್ತು. ಗಂಟೆ ಕಡಿಮೆಯಾದರೂ ಕೈಗೆ ಬರುವ ಸಂಬಳ ಇಳಿಯಬಾರದು ಅಂತ ಗಂಟೆಯ ದರವನ್ನು ಶೇ. 20 ಏರಿಸಿದರು. 48ಕ್ಕೆ ಸಿಗುತ್ತಿದ್ದದ್ದು 40ಕ್ಕೇ ಸಿಗಬೇಕಾದರೆ ಅಷ್ಟು ಬೇಕೇ ಬೇಕು. ಆದರೆ ಸ್ಟೇಷನ್ನು, ಸಿಗ್ನಲ್ಲು ವಾರಕ್ಕೆ ಏಳು ದಿನವೂ ನಡೆಯಬೇಕಲ್ವಾ? ಅದಕ್ಕೇ ಆ ಒಪ್ಪಂದ 'ಖಾಯಂ ರಿಲೀಫ್ ಹುದ್ದೆ'ಗಳನ್ನು ಮಾಡಿತು. ಐದು ದಿನ ಕೆಲಸ, ಎರಡು ದಿನ ಒಟ್ಟಿಗೆ ರಜೆ. ಒಂದೊಂದು ದಿನ ಒಂದೊಂದು ಸಮಯ, ಬೇರೆ ಕೆಲಸ, ಬೇರೆ ಜಾಗ ಇರಬಹುದು. ಷರತ್ತು ಇಷ್ಟೇ: ಆ ದಿನ ಯಾರ ಬದಲಿಗೆ ಬಂದಿದ್ದಾರೋ ಅವರ ಸಮಯ, ಅವರ ಕೆಲಸ, ಅವರ ಜಾಗವೇ ಆಗಿರಬೇಕು. ಮೇಲಧಿಕಾರಿಗೆ ಅನುಕೂಲ ಅಂತ ನಡುವಿನ ಯಾವುದೋ ಹೊತ್ತಿಗೆ ಕರೆಸುವಂತಿಲ್ಲ.

ಈ ಒಂದು ಷರತ್ತಿನ ಬೆಲೆ ಗೊತ್ತಾಗುವುದು ಅದು ಇಲ್ಲದ ಕಡೆ. ಅಲ್ಲಿ ರಿಲೀವರ್ ಅಂದರೆ ಎಲ್ಲೆಂದರಲ್ಲಿ ಹಾಕಬಹುದಾದ ಆಳು.

ಒಂದು ವಾರವನ್ನು ಹತ್ತಿರದಿಂದ

ನಮ್ಮ ಕುರ್ಚಿಗೇ ವಾಪಸ್ ಬರೋಣ. ಬೆಳಗಿನ ಶಿಫ್ಟಿನವರಿಗೆ ಸೋಮವಾರ, ಮಂಗಳವಾರ ರಜೆ. ಮಧ್ಯಾಹ್ನದವರಿಗೆ ಬುಧವಾರ, ಗುರುವಾರ. ರಾತ್ರಿಯವರಿಗೆ ಶುಕ್ರವಾರ, ಶನಿವಾರ. ರಿಲೀವರ್ ಸೋಮವಾರ, ಮಂಗಳವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಇರುತ್ತಾರೆ. ಬುಧವಾರ, ಗುರುವಾರ ಮಧ್ಯಾಹ್ನ 2ರಿಂದ ರಾತ್ರಿ 10. ಶುಕ್ರವಾರ ರಾತ್ರಿ 10ಕ್ಕೆ ಬಂದು ಶನಿವಾರ ಬೆಳಿಗ್ಗೆ 6ಕ್ಕೆ ಹೊರಡುತ್ತಾರೆ. ಶನಿವಾರ ರಾತ್ರಿಯದೇ ಆ ಅನಾಥ ಇಪ್ಪತ್ತೊಂದನೇ ಶಿಫ್ಟ್. ಸದ್ಯಕ್ಕೆ ಅದನ್ನು ಪಕ್ಕಕ್ಕಿಡೋಣ.

ಚಾರ್ಟ್ ನೋಡಿದರೆ ಶನಿವಾರ, ಭಾನುವಾರ ಎರಡು ದಿನ ರಜೆ. ಗಡಿಯಾರ ನೋಡಿದರೆ ಶನಿವಾರ ಬೆಳಿಗ್ಗೆ 6ರಿಂದ ಸೋಮವಾರ ಬೆಳಿಗ್ಗೆ 6, ಬರೀ 48 ಗಂಟೆ. ಅದರಲ್ಲಿ ಮೊದಲ ಅರ್ಧ ದಿನ ರಾತ್ರಿಯ ನಿದ್ದೆ ತೀರಿಸುವುದಕ್ಕೇ ಹೋಗುತ್ತದೆ. ಅದೇ ಬೆಳಗಿನ ಖಾಯಂ ಶಿಫ್ಟಿನವರು ಭಾನುವಾರ ಮಧ್ಯಾಹ್ನ 2ಕ್ಕೆ ಹೊರಟರೆ ಬುಧವಾರ ಬೆಳಿಗ್ಗೆ 6ಕ್ಕೆ ಬಂದರೆ ಸಾಕು, 64 ಗಂಟೆ ಬಿಡುವು. ಹೆಸರಿಗೆ ಇಬ್ಬರಿಗೂ 'ಎರಡು ದಿನ ರಜೆ'.

ಹಾಗಂತ ರಿಲೀವರ್‌ಗೆ ಮೋಸ ಆಯಿತು ಅಂತಲೂ ಅಲ್ಲ. 168ರಲ್ಲಿ 40 ಕಳೆದರೆ ಇಬ್ಬರಿಗೂ ಉಳಿಯುವುದು 128 ಗಂಟೆಯೇ. ಖಾಯಂ ಜನಕ್ಕೆ ದಿನದಿಂದ ದಿನಕ್ಕೆ 16 ಗಂಟೆ ಬಿಡುವು. ರಿಲೀವರ್‌ಗೆ ಶಿಫ್ಟ್ ಬದಲಾಗುವ ಎರಡು ಸಲ, ಅಂದರೆ ಮಂಗಳವಾರದಿಂದ ಬುಧವಾರಕ್ಕೆ ಮತ್ತು ಗುರುವಾರದಿಂದ ಶುಕ್ರವಾರಕ್ಕೆ, 24 ಗಂಟೆ ಸಿಗುತ್ತದೆ. ವಾರದ ಕೊನೆಯಲ್ಲಿ ಹೋದದ್ದು ವಾರದ ನಡುವೆ ಚೂರು ಚೂರಾಗಿ ಬಂತು. ಆ ಚೂರುಗಳಿಂದ ಏನು ಪ್ರಯೋಜನ ಅನ್ನುವುದು ಬೇರೆ ಮಾತು.

ಈಗ ಇದೇ ಚಾರ್ಟನ್ನು ತಿರುಗಿಸಿ. ಸೋಮವಾರ, ಮಂಗಳವಾರ ರಾತ್ರಿ, ಬುಧವಾರ, ಗುರುವಾರ ಮಧ್ಯಾಹ್ನ, ಶುಕ್ರವಾರ ಬೆಳಿಗ್ಗೆ. ಬುಧವಾರ ಬೆಳಿಗ್ಗೆ 6ಕ್ಕೆ ರಾತ್ರಿ ಡ್ಯೂಟಿ ಮುಗಿಸಿದವರು ಅದೇ ದಿನ ಮಧ್ಯಾಹ್ನ 2ಕ್ಕೆ ಮತ್ತೆ ಹಾಜರ್. ನಡುವೆ ಎಂಟೇ ಗಂಟೆ. ಗುರುವಾರ ರಾತ್ರಿ 10ಕ್ಕೆ ಬಿಟ್ಟು ಶುಕ್ರವಾರ ಬೆಳಿಗ್ಗೆ 6ಕ್ಕೆ, ಮತ್ತೆ ಎಂಟೇ. ಹೋಗಿ ಬರುವ ದಾರಿ, ಊಟ, ಸ್ನಾನ ಕಳೆದರೆ ನಿದ್ದೆಗೆ ಎಷ್ಟು ಉಳಿಯುತ್ತದೆ ನೀವೇ ಹೇಳಿ. ಆದರೂ ಈ ತಿರುಗಾ ಮುರುಗಾ ಚಾರ್ಟನ್ನೇ ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಕಾರಣ ಸರಳ. ಶುಕ್ರವಾರ ಮಧ್ಯಾಹ್ನ 2ರಿಂದ ಸೋಮವಾರ ರಾತ್ರಿ 10ರವರೆಗೆ 80 ಗಂಟೆ ಒಟ್ಟಿಗೆ ಬಿಡುವು ಸಿಗುತ್ತದೆ. ದೇಹಕ್ಕೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮುಂದಕ್ಕೆ ಸಾಗುವ ಸರದಿಯೇ ಹೊಂದಿಕೊಳ್ಳಲು ಸುಲಭ. ಮನೆಗೆ ಹಿಂದಕ್ಕೆ ಸಾಗುವ ಸರದಿ ಇಷ್ಟ. ಯೂನಿಯನ್ ಸಭೆಯಲ್ಲಿ ಈ ವಿಷಯಕ್ಕೆ ಒಮ್ಮತ ಬರುವುದಿಲ್ಲ ಅಂದರೆ ಅಚ್ಚರಿಯೇನಿಲ್ಲ.

ಯೂರೋಪಿಯನ್ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನದಲ್ಲಿ 24 ಗಂಟೆಗೊಮ್ಮೆ ಸತತ 11 ಗಂಟೆ ವಿಶ್ರಾಂತಿ ಇರಲೇಬೇಕು ಅಂತಿದೆ. ಹಾಗಿದ್ದರೆ ಎಂಟು ಗಂಟೆಯ ಬಿಡುವು ಅಲ್ಲಿ ನಡೆಯುವುದೇ ಇಲ್ಲ ಅಂದುಕೊಳ್ಳಬೇಡಿ. ಅದೇ ನಿರ್ದೇಶನದ 17ನೇ ವಿಧಿ, ಶಿಫ್ಟ್ ಬದಲಾಗುವಾಗ ನಡುವೆ ಅಷ್ಟು ವಿಶ್ರಾಂತಿ ಸಿಗದಿದ್ದರೆ ವಿನಾಯಿತಿ ಕೊಡಲು ದಾರಿ ಬಿಟ್ಟಿದೆ. ಸಾಮಾನ್ಯವಾಗಿ ಅದಕ್ಕೆ ಬದಲಾಗಿ ಅಷ್ಟೇ ವಿಶ್ರಾಂತಿಯನ್ನು ಆಮೇಲೆ ಕೊಡಬೇಕು. ನಿಯಮ ಎಲ್ಲರಿಗೂ, ವಿನಾಯಿತಿ ತಾಗುವುದು ಹೆಚ್ಚಾಗಿ ಶಿಫ್ಟ್ ಬದಲಿಸುವವರಿಗೆ. ಒಪ್ಪಂದ ಓದುವಾಗ ನಿಯಮಕ್ಕಿಂತ ಮೊದಲು 'ಹೊರತುಪಡಿಸಿ' ಅನ್ನುವ ಪದ ಎಲ್ಲಿದೆ ಅಂತ ಹುಡುಕುವುದು ಒಳ್ಳೆಯ ಅಭ್ಯಾಸ.

'ಒಂದು ದಿನ' ಅಂದರೆ ಎಲ್ಲಿಂದ ಎಲ್ಲಿಗೆ?

ಆ ಬುಧವಾರವನ್ನೇ ಇನ್ನೊಮ್ಮೆ ನೋಡಿ. ಮಂಗಳವಾರ ರಾತ್ರಿ 10ರಿಂದ ಬುಧವಾರ ರಾತ್ರಿ 10ರ ಒಳಗೆ ಆ ಮನುಷ್ಯ 16 ಗಂಟೆ ದುಡಿದಿದ್ದಾರೆ. ಓಟಿ, ಅಂದರೆ ಹೆಚ್ಚಿನ ಗಂಟೆಗೆ ಹೆಚ್ಚಿನ ದರ, ಸಿಗುತ್ತದೆಯೇ?

ಒಪ್ಪಂದದಲ್ಲಿ 'ಶಿಫ್ಟ್ ಶುರುವಾದ ಹೊತ್ತಿನಿಂದ 24 ಗಂಟೆಯಲ್ಲಿ ಎಂಟಕ್ಕಿಂತ ಜಾಸ್ತಿ' ಅಂತಿದ್ದರೆ ಎಂಟು ಗಂಟೆ ಓಟಿ. ಕ್ಯಾಲೆಂಡರ್ ದಿನ ಅಂತಿದ್ದರೆ ಬುಧವಾರದ ಲೆಕ್ಕಕ್ಕೆ ಬೆಳಗಿನ ಜಾವದ ಆರು, ಮಧ್ಯಾಹ್ನದ ಎಂಟು, ಒಟ್ಟು 14. ಅಂದರೆ ಆರು ಗಂಟೆ ಓಟಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಭಾರತದ 1948ರ ಕಾರ್ಖಾನೆಗಳ ಕಾಯ್ದೆ ಮೂರನೆಯ ದಾರಿ ಹಿಡಿದಿತ್ತು. ಅದರ 57ನೇ ಕಲಮಿನ ಪ್ರಕಾರ ಮಧ್ಯರಾತ್ರಿ ದಾಟಿದ ಶಿಫ್ಟಿನಲ್ಲಿ ರಾತ್ರಿ 12ರ ನಂತರ ಮಾಡಿದ ಕೆಲಸ ಹಿಂದಿನ ದಿನಕ್ಕೇ ಸೇರುತ್ತಿತ್ತು. ಮರುದಿನ ಶುರುವಾಗುತ್ತಿದ್ದದ್ದು ಶಿಫ್ಟ್ ಮುಗಿದ ಮೇಲೆ. ಹಾಗೆ ಎಣಿಸಿದರೆ ಮಂಗಳವಾರಕ್ಕೆ ಎಂಟು, ಬುಧವಾರಕ್ಕೆ ಎಂಟು. ದಿನದ ಲೆಕ್ಕದಲ್ಲಿ ಓಟಿ ಸೊನ್ನೆ.

ಒಂದೇ ಮೈ, ಒಂದೇ ಆಯಾಸ, ಉತ್ತರ ಮಾತ್ರ ಮೂರು. 'ದಿನ' ಅನ್ನುವ ಪದದ ಅರ್ಥ ಒಪ್ಪಂದದ ಮೊದಲ ಪುಟದಲ್ಲೇ ಇರಬೇಕು ಅಂತ ಅನುಭವಸ್ಥರು ಹಟ ಹಿಡಿಯುವುದು ಇದಕ್ಕೇ.

ವಾರದ ಲೆಕ್ಕಕ್ಕೂ ಇದೇ ಕಥೆ. ಅಮೆರಿಕದ 1938ರ ಕೂಲಿ ಕಾನೂನು ದಿನದ ಮಿತಿಯನ್ನೇ ಹೇಳುವುದಿಲ್ಲ, ವಾರಕ್ಕೆ 40 ಗಂಟೆ ಅನ್ನುತ್ತದೆ. ವಾರ ಯಾವಾಗ ಶುರು ಅಂತ ಮಾಲೀಕರು ಮೊದಲೇ ಗೊತ್ತು ಮಾಡಿರಬೇಕು. ಶನಿವಾರ ಮಧ್ಯರಾತ್ರಿಗೆ ವಾರ ಮುಗಿಯುತ್ತದೆ ಅಂದರೆ ಶನಿವಾರ ರಾತ್ರಿಯ ಶಿಫ್ಟಿನ ಎರಡು ಗಂಟೆ ಈ ವಾರಕ್ಕೆ, ಆರು ಗಂಟೆ ಮುಂದಿನ ವಾರಕ್ಕೆ. ಒಂದು ಸಲ ಮಾತ್ರ ಹೆಚ್ಚು ಕೆಲಸ ಮಾಡಿದವರ ಓಟಿ ಹೀಗೆ ಎರಡು ವಾರಕ್ಕೆ ಹಂಚಿ ಹೋಗಿ, ಎಲ್ಲೂ 40 ದಾಟದೆ ಮಾಯವಾಗಬಹುದು. ನಾನು ಮೇಲೆ ಹೊಗಳಿದ 1949ರ ರೈಲ್ವೆ ಒಪ್ಪಂದದಲ್ಲೂ ಒಂದು ಕಿಂಡಿ ಇದೆ. 40 ಗಂಟೆ ದಾಟಿದರೆ ಒಂದೂವರೆ ಪಟ್ಟು, ಆದರೆ ಒಂದು ಹುದ್ದೆಯಿಂದ ಇನ್ನೊಂದಕ್ಕೆ ಬದಲಾಗುವಾಗ ಆ ಹೆಚ್ಚುವರಿ ಗಂಟೆ ಬಂದಿದ್ದರೆ ಇಲ್ಲ.

ಸಂಬಳ ಚೀಟಿಯಲ್ಲಿ ಅಡಗಿರುವ ಇಪ್ಪತ್ತು

ಈಗ ಆ ಇಪ್ಪತ್ತೊಂದನೇ ಶಿಫ್ಟನ್ನೂ ನಮ್ಮ ರಿಲೀವರ್ ಮಾಡಿದರು ಅಂತಿಟ್ಟುಕೊಳ್ಳಿ. ಎರಡು ಬೆಳಿಗ್ಗೆ, ಎರಡು ಮಧ್ಯಾಹ್ನ, ಎರಡು ರಾತ್ರಿ, ಒಟ್ಟು 48 ಗಂಟೆ. ಗಂಟೆಗೆ ಮೂಲ ದರ 100. ಮಧ್ಯಾಹ್ನದ ಶಿಫ್ಟಿಗೆ ಗಂಟೆಗೆ 5, ರಾತ್ರಿಗೆ 10 ಭತ್ಯೆ. ವಾರ ಸೋಮವಾರ ಬೆಳಿಗ್ಗೆ 6ಕ್ಕೆ ಶುರು.

ಮೂಲ ಸಂಬಳ 4,800. ಮಧ್ಯಾಹ್ನದ 16 ಗಂಟೆಗೆ ಭತ್ಯೆ 80. ರಾತ್ರಿಯ 16 ಗಂಟೆಗೆ 160. ಒಟ್ಟು 5,040. ಇನ್ನು ಓಟಿ. ಅಮೆರಿಕದ ನಿಯಮದಲ್ಲಿ 40 ದಾಟಿದ ಎಂಟು ಗಂಟೆಗೆ ಒಂದೂವರೆ ಪಟ್ಟು. ಒಂದು ಪಟ್ಟು ಆಗಲೇ 5,040ರಲ್ಲಿ ಸೇರಿದೆ, ಇನ್ನು ಕೊಡಬೇಕಾದ್ದು ಅರ್ಧ. ಯಾವುದರ ಅರ್ಧ? ಮೂಲ ದರ 100ರದು ಅಂದರೆ ಗಂಟೆಗೆ 50, ಎಂಟು ಗಂಟೆಗೆ 400. ಆದರೆ ಅಲ್ಲಿನ ಕಾನೂನು ಶಿಫ್ಟ್ ಭತ್ಯೆಯನ್ನೂ ಸೇರಿಸಿ ದರ ಕಟ್ಟು ಅನ್ನುತ್ತದೆ. 5,040ನ್ನು 48ರಿಂದ ಭಾಗಿಸಿದರೆ 105. ಅದರ ಅರ್ಧ 52.50, ಎಂಟು ಗಂಟೆಗೆ 420. ಸರಿಯಾದ ಮೊತ್ತ 5,460, ಸುಮ್ನೆ ಕಣ್ಣಾಡಿಸಿ ಕಟ್ಟಿದರೆ 5,440. ವಾರಕ್ಕೆ 20 ಕಡಿಮೆ. ಯಾರೂ ಗಮನಿಸುವುದಿಲ್ಲ. ಪ್ರತಿ ವಾರ ಹೀಗೇ ನಡೆದರೆ ವರ್ಷಕ್ಕೆ 1,040.

ಒಂದೇ ಶಿಫ್ಟಿನಲ್ಲಿ ಇರುವವರಿಗೆ ಈ ಲೆಕ್ಕ ಒಂದು ಸಲ ಮಾಡಿದರೆ ಮುಗಿಯಿತು. ರಿಲೀವರ್‌ಗೆ ಚಾರ್ಟ್ ಬದಲಾದಾಗಲೆಲ್ಲ ದರವೂ ಬದಲಾಗುತ್ತದೆ. ಸಂಬಳ ಚೀಟಿಯಲ್ಲಿ ತಪ್ಪಾಗುವುದಕ್ಕೆ ಇವರಿಗೇ ಜಾಸ್ತಿ ಅವಕಾಶ.

ಇದೇ ವಾರವನ್ನು ಭಾರತದ ಆ ಹಳೆಯ ಕಾರ್ಖಾನೆ ಕಾಯ್ದೆಯ ಕೈಗೆ ಕೊಟ್ಟರೆ ಚಿತ್ರವೇ ಬೇರೆ. ಅಲ್ಲಿ ಓಟಿ ಎರಡು ಪಟ್ಟು ಇತ್ತು, ದರ ಉದಾರ. ಆದರೆ ಅದು ಶುರುವಾಗುತ್ತಿದ್ದದ್ದು ದಿನಕ್ಕೆ ಒಂಬತ್ತು ಅಥವಾ ವಾರಕ್ಕೆ 48 ಗಂಟೆ ದಾಟಿದ ಮೇಲೆ. ನಮ್ಮ ರಿಲೀವರ್ ಸರಿಯಾಗಿ 48ಕ್ಕೆ ನಿಂತಿದ್ದಾರೆ. ಓಟಿ ಇಲ್ಲ, 5,040 ಅಷ್ಟೇ. ಆದ್ದರಿಂದ ಒಪ್ಪಂದದಲ್ಲಿ ಎಷ್ಟು ಪಟ್ಟು ಅಂತ ಕೇಳುವ ಮೊದಲು ಎಷ್ಟನೇ ಗಂಟೆಯಿಂದ ಅಂತ ಕೇಳಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಡಂಬಡಿಕೆ ದಿನಕ್ಕೆ ಎಂಟು, ವಾರಕ್ಕೆ 48 ಅಂತ ಹಾಕಿ, ಓಟಿಗೆ ಕನಿಷ್ಠ ಒಂದೂಕಾಲು ಪಟ್ಟು ಅಂದಿತ್ತು. ಶಿಫ್ಟ್ ಕೆಲಸಕ್ಕೆ ಮಾತ್ರ ಮೂರು ವಾರದ ಸರಾಸರಿ ಹಿಡಿಯಬಹುದು ಅಂತ ಸಡಿಲವನ್ನೂ ಬಿಟ್ಟಿತ್ತು. ಶಿಫ್ಟಿನವರಿಗೆ ಸರಾಸರಿಯ ಕಾಟ ಅಂದಿನಿಂದಲೂ ಇದೆ.

ಇನ್ನೊಂದು ವಿಷಯ. ಆರು ಶಿಫ್ಟ್ ಮಾಡಿದ ಈ ವಾರದಲ್ಲಿ ಬಿಡುವು ಭಾನುವಾರ ಬೆಳಿಗ್ಗೆ 6ರಿಂದ ಸೋಮವಾರ ಬೆಳಿಗ್ಗೆ 6ರವರೆಗೆ, ಸರಿಯಾಗಿ 24 ಗಂಟೆ. ಅದೇ ಕಾರ್ಮಿಕ ಸಂಸ್ಥೆಯ 1921ರ ವಾರದ ವಿಶ್ರಾಂತಿಯ ಒಡಂಬಡಿಕೆ ಕೇಳುವುದೂ ಏಳು ದಿನಕ್ಕೆ ಸತತ 24 ಗಂಟೆಯನ್ನೇ. ಕಾಗದದಲ್ಲಿ ಎಲ್ಲ ಸರಿ. ಒಂದು ನಿಮಿಷವೂ ಆಚೀಚೆ ಆಗುವಂತಿಲ್ಲ ಅಷ್ಟೇ.

ಹುದ್ದೆಯ ದರದ ವಿಷಯ ಬೇಗ ಹೇಳಿಬಿಡಬಹುದು. ಒಳ್ಳೆಯ ಒಪ್ಪಂದದಲ್ಲಿ ಮೇಲಿನ ಹುದ್ದೆಗೆ ರಿಲೀವರ್ ಆಗಿ ಕೂತರೆ ಮೇಲಿನ ದರ, ಕೆಳಗಿನ ಹುದ್ದೆಗೆ ಕೂತರೆ ತನ್ನ ದರವೇ. 'ಇಷ್ಟು ಗಂಟೆ ಕೂತರೆ ಮಾತ್ರ ಮೇಲಿನ ದರ' ಅನ್ನುವ ಸಾಲು ಇದ್ದರೆ ಅದನ್ನು ಎರಡು ಸಲ ಓದಿ.

ಕರೆ ಬರುವವರೆಗೆ

ಇಲ್ಲಿಯವರೆಗೆ ಹೇಳಿದ್ದು ಚಾರ್ಟಿನಲ್ಲಿ ಹೆಸರಿರುವ ರಿಲೀವರ್ ಬಗ್ಗೆ. ಚಾರ್ಟಿನಲ್ಲಿ ಇಲ್ಲದವರು ಬೇರೆ. ಯಾರೋ ಬರಲಿಲ್ಲ ಅಂದಾಗ ಫೋನ್ ಬರುವುದು ಅವರಿಗೆ. ಭಾರತದಲ್ಲಿ ಇವರಿಗೆ 'ಬದಲಿ' ಅನ್ನುವ ಹೆಸರು ಕಾನೂನಿನಲ್ಲೇ ಬಂದಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿದಂತೆ, ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಹೆಸರಿರುವ ಇನ್ನೊಬ್ಬರ ಜಾಗದಲ್ಲಿ ಕೆಲಸ ಮಾಡುವವರು ಬದಲಿ. ಒಂದು ವರ್ಷದ ಸತತ ಸೇವೆ ಮುಗಿದರೆ ಲೇ-ಆಫ್ ಪರಿಹಾರದ (ಕೆಲಸವಿಲ್ಲ ಅಂತ ತಾತ್ಕಾಲಿಕವಾಗಿ ಕೂರಿಸಿದಾಗ ಸಿಗುವ ಹಣ) ಮಟ್ಟಿಗೆ ಅವರು ಬದಲಿ ಆಗಿರುತ್ತಿರಲಿಲ್ಲ. 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ವರ್ಷ ಮುಗಿದ ಹಾಗೆ ಆಗುತ್ತಿತ್ತು. ಇದಕ್ಕೇ ಬದಲಿಗಳು ತಮ್ಮ ಹಾಜರಿಯನ್ನು ತಾವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇವರ ಮಟ್ಟಿಗೆ ದೊಡ್ಡ ಪ್ರಶ್ನೆ ಕಾಯುವ ಹೊತ್ತಿನದು. ಕಾಯುವುದು ಕೆಲಸವೇ? 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಟೆಕ್ಸಾಸಿನ ಮಾಂಸ ಸಂಸ್ಕರಣಾ ಕಾರ್ಖಾನೆಯ ಏಳು ಜನರ ದೂರು ಬಂತು. ಹಗಲು ಕೆಲಸ ಮುಗಿಸಿದ ಮೇಲೆ ಕೆಲವು ರಾತ್ರಿ ಅವರು ಬೆಂಕಿ ಅವಘಡದ ಕರೆಗಾಗಿ ಕಾರ್ಖಾನೆಯಲ್ಲೋ ಹತ್ತಿರದಲ್ಲೋ ಇರಬೇಕಿತ್ತು. ಕೆಳಗಿನ ಕೋರ್ಟುಗಳು ಆ ಹೊತ್ತನ್ನು ಕೆಲಸ ಅಂತ ಎಣಿಸಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಾಯುವುದಕ್ಕೇ ನೇಮಿಸಿದ್ದಾರೆಯೇ, ಅಥವಾ ಕೆಲಸ ಸಿಗಲಿ ಅಂತ ಕಾಯುತ್ತಿದ್ದಾರೆಯೇ ಅಂತ ಪ್ರತಿ ಪ್ರಕರಣದಲ್ಲೂ ನೋಡಬೇಕು ಅಂತ ವಾಪಸ್ ಕಳಿಸಿತು.

ಯೂರೋಪಿನ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. 2003ರಲ್ಲಿ ಜರ್ಮನಿಯ ಕೀಲ್ ನಗರದ ಆಸ್ಪತ್ರೆ ವೈದ್ಯರೊಬ್ಬರ ಪ್ರಕರಣದಲ್ಲಿ, ಆಸ್ಪತ್ರೆಯಲ್ಲೇ ಇರಬೇಕಾದ ಆನ್‌ಕಾಲ್ ಹೊತ್ತು ಪೂರ್ತಿ ಕೆಲಸದ ಹೊತ್ತೇ, ನಡುವೆ ನಿದ್ದೆ ಮಾಡಿದ್ದರೂ ಸರಿ, ಅಂದಿತು. 2018ರಲ್ಲಿ ಬೆಲ್ಜಿಯಂನ ನಿವೆಲ್ ಊರಿನ ಅಗ್ನಿಶಾಮಕ ಸ್ವಯಂಸೇವಕರೊಬ್ಬರ ವಿಷಯ ಬಂತು. ಅವರು ಮನೆಯಲ್ಲೇ ಇರಬಹುದಿತ್ತು, ಆದರೆ ಕರೆ ಬಂದ ಎಂಟು ನಿಮಿಷದೊಳಗೆ ಠಾಣೆ ಸೇರಬೇಕಿತ್ತು. ಎಂಟು ನಿಮಿಷದ ದಾರ ಕಟ್ಟಿದ ಮೇಲೆ ಮನೆಯೂ ಡ್ಯೂಟಿಯೇ ಅನ್ನುವುದು ತೀರ್ಪಿನ ಸಾರ. ಆದರೆ ಒಂದು ಸೂಕ್ಷ್ಮ ಇದೆ. ಅದು ಕೆಲಸದ ಹೊತ್ತು ಅಂದಮಾತ್ರಕ್ಕೆ ಅದಕ್ಕೆ ಪೂರ್ತಿ ಸಂಬಳ ಸಿಗುತ್ತದೆ ಅಂತಲ್ಲ. ಯೂರೋಪಿನ ಆ ಕೆಲಸದ ಅವಧಿ ನಿರ್ದೇಶನ ವಿಶ್ರಾಂತಿಯ ಲೆಕ್ಕ ನೋಡುತ್ತದೆ, ದುಡ್ಡಿನ ಲೆಕ್ಕವನ್ನು ಆಯಾ ದೇಶದ ಕಾನೂನಿಗೆ, ಒಪ್ಪಂದಕ್ಕೆ ಬಿಡುತ್ತದೆ.

ಕರೆದು, ಬಂದ ಮೇಲೆ 'ಬೇಡ, ಹೋಗಿ' ಅಂದರೆ? ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ನೇರ ನಿಯಮ ಇದೆ. ನಿಗದಿಯಾದ ಕೆಲಸದ ಅರ್ಧಕ್ಕಿಂತ ಕಡಿಮೆ ಕೊಟ್ಟು ಕಳಿಸಿದರೆ ಅರ್ಧ ದಿನದ ಸಂಬಳ ಕೊಡಬೇಕು, ಎರಡು ಗಂಟೆಗೆ ಕಡಿಮೆ ಇಲ್ಲ, ನಾಲ್ಕಕ್ಕೆ ಜಾಸ್ತಿ ಇಲ್ಲ. ಕಾನೂನು ಸುಮ್ಮನಿರುವ ಕಡೆ ಇಂಥ ಕನಿಷ್ಠವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ರಿಲೀವರ್‌ಗೆ ರಿಲೀವರ್ ಬರದಿದ್ದರೆ

ಶುಕ್ರವಾರ ರಾತ್ರಿಯ ಡ್ಯೂಟಿ. ಶನಿವಾರ ಬೆಳಿಗ್ಗೆ 6 ಆಯಿತು, ಮುಂದಿನವರ ಸುಳಿವಿಲ್ಲ. ಕುರ್ಚಿ ಬಿಟ್ಟು ಎದ್ದು ಹೋಗುವಂತಿಲ್ಲ. ಇಂಥ ಕಡೆಗಳಲ್ಲಿ ರೂಢಿಯಲ್ಲಿರುವ ಉಪಾಯ ಖಾಲಿ ಶಿಫ್ಟನ್ನು ಸೀಳುವುದು. ಈಗ ಇರುವವರು ನಾಲ್ಕು ಗಂಟೆ ಮುಂದುವರಿಯುತ್ತಾರೆ, ಮಧ್ಯಾಹ್ನದವರು ನಾಲ್ಕು ಗಂಟೆ ಮೊದಲೇ ಬರುತ್ತಾರೆ. ಇಬ್ಬರಿಗೂ 12 ಗಂಟೆ, ಯಾರಿಗೂ 16 ಇಲ್ಲ.

ಆದರೆ ಈ ಹಂಚಿಕೆ ತಾನಾಗಿ ಆಗುವುದಲ್ಲ. ಎಷ್ಟು ಹೊತ್ತು ತಡೆದು ನಿಲ್ಲಿಸಬಹುದು, ಮಧ್ಯಾಹ್ನದವರಿಗೆ ಫೋನ್ ಮಾಡುವುದು ಯಾರ ಕೆಲಸ, ಆ ನಾಲ್ಕು ಗಂಟೆಗೆ ಯಾವ ದರ, ಊಟದ ಬಿಡುವು ಯಾವಾಗ ಅನ್ನುವುದನ್ನೆಲ್ಲ ಮೊದಲೇ ಬರೆದಿರಬೇಕು. ಚಾರ್ಜ್ ಕೊಡುವ ಆ ಹತ್ತು ಹದಿನೈದು ನಿಮಿಷವೂ, ರಿಜಿಸ್ಟರ್ ಬರೆಯುವುದು, ಮೀಟರ್ ತೋರಿಸುವುದು, ಬೀಗದ ಕೈ ಎಣಿಸುವುದು, ಕೆಲಸವೇ. ಅದು ಶಿಫ್ಟಿನ ಒಳಗೋ ಹೊರಗೋ ಅನ್ನುವುದೂ ಒಪ್ಪಂದದಲ್ಲಿ ಇರಬೇಕು.

ನಮ್ಮ ರಿಲೀವರ್ ಬೆಳಿಗ್ಗೆ 10ಕ್ಕೆ ಎದ್ದರು ಅಂತಿಟ್ಟುಕೊಳ್ಳಿ. ಆ ಸಲದ ಅವರ ಎರಡು ದಿನದ ರಜೆ 44 ಗಂಟೆ. ಸೋಮವಾರ ಬೆಳಿಗ್ಗೆ 6ಕ್ಕೆ ಬೆಳಗಿನವರ ಕುರ್ಚಿ, ಬೆಳಗಿನವರ ದರ.